ಭಾಗವಹಿಸಿದವರಿಗೆ ಆಗಬಹುದಾದ ಅಪಾಯ

"ಕಿವೀನ ಮನೇಲಿ ಬಿಚ್ಚಿಟ್ಟು ಬಂದಿದೀಯೇನೆ ಮುಂಡೇದೆ? ಹೊಕ್ಕಿನ ಎಳೆ ಹರಿದು ಎಷ್ಟೊತ್ತಾಯ್ತು, ಬರೀ ಲಾಳಿ ಓಡ್ತಿದೆ."

ಹೊಸ ಮೇಸ್ತ್ರಿ ಇಷ್ಟನ್ನು, ಎಲ್ಲರೂ ಎತ್ತರದಕ್ಕ ಎಂದು ಕರೆಯುವ ಹೆಂಗಸಿನ ಮುಖಕ್ಕೆ ಮುಖವಿಟ್ಟು ಕಿರುಚಿದ. ಆಮೇಲೆ ದನಿ ಹೊರಡಿಸದೆ, ಬರೀ ತುಟಿಯಲ್ಲಿ, ಅವಳ ಹೆತ್ತವಳನ್ನೂ ಅವಳು ಮಲಗುವ ಹಾಸಿಗೆಯನ್ನೂ ಸೇರಿಸಿ ಇನ್ನೊಂದು ಮಾತಾಡಿದ. ಟವೆಲ್ಲು ನೇಯುವ ಆ ಶೆಡ್ಡಿನಲ್ಲಿ ಸಾಲುಸಾಲು ಮಗ್ಗಗಳು ಬೆಳಗಿನಿಂದ ಒಂದೇ ಸಮ ಬಡಿದುಕೊಳ್ಳುವಾಗ ಆಡಿದವನ ಮಾತು ಅವನ ಕಿವಿಗೇ ಬೀಳುವುದಿಲ್ಲ, ಇನ್ನು ಇವರಿಗೇನು ಕೇಳೀತು ಎಂಬುದು ಅವನ ಲೆಕ್ಕ. ಅಲ್ಲಿನ ಹೆಂಗಸರು ತುಟಿ ಓದಿಯೇ ಸಂಸಾರದ ಕಷ್ಟಸುಖವನ್ನೆಲ್ಲ ಮಾತಾಡಿ ಮುಗಿಸುತ್ತಾರೆಂಬುದು ಅವನಿಗಿನ್ನೂ ತಿಳಿದಿರಲಿಲ್ಲ. ಆಚೆ ಸಾಲಿನವಳು ಕೂಡ ಅದನ್ನು ಓದಿಬಿಟ್ಟಿದ್ದಳು. ನೀರಿನ ಡ್ರಮ್ಮಿನ ಹತ್ತಿರ ಸೇರಿದಾಗ ಅವಳು ಮೇಸ್ತ್ರಿಯ ಮೂತಿಯನ್ನು ಇದ್ದಹಾಗೇ ಮಾಡಿ ತೋರಿಸಿ, "ಈ ಬೇವರ್ಸಿ ಬಾಯಿಗೆ ಲಾಳಿ ಸಿಗಿಸ್ಬೇಕು ಕಣ್ರೇ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಎತ್ತರದಕ್ಕ ನಗಲಿಲ್ಲ. ಬೈಗುಳ ಅವಳಿಗೆ ಹೊಸದಲ್ಲ. ಬೈದದ್ದು ನಿಜವಾಗಿತ್ತಲ್ಲ, ಅದು ಕೊರೆಯುತ್ತಿತ್ತು. ಮೊದಲೆಲ್ಲ ಎಳೆ ಹರಿದರೆ ಲಾಳಿಯ ಸದ್ದು ಬದಲಾಗುವುದು ಬೆನ್ನು ಹಾಕಿ ನಿಂತರೂ ಅವಳಿಗೆ ಗೊತ್ತಾಗುತ್ತಿತ್ತು. ಈಗೀಗ ಕಣ್ಣಿಟ್ಟು ಕಾಯಬೇಕು. ಯಾರಿಗೂ ಹೇಳಿರಲಿಲ್ಲ. ಕಿವಿ ಹೋದವರನ್ನು ಮಗ್ಗದಿಂದ ಇಳಿಸಿ ಹತ್ತಿ ಧೂಳು ಗುಡಿಸಲು ಹಾಕುತ್ತಾರೆ. ಕಸಬರಿಕೆ ಹಿಡಿದವರಿಗೆ ಅಲ್ಲಿಂದ ಮುಂದಿನ ದಾರಿ ಗೇಟಿನ ಆಚೆಗೇ.

ಅವಳಿಗೊಬ್ಬ ಮಗಳು. ಒಂಬತ್ತನೇ ಕ್ಲಾಸು. ಮಾತು ಬಂದಾಗಿನಿಂದ ಯಾಕೆ, ಏನು, ಹೇಗೆ ಎಂದು ಕೇಳುವುದೇ ಕೆಲಸವಾದ್ದರಿಂದ ಶೆಡ್ಡಿನ ಹೆಂಗಸರು ಅವಳಿಗೆ 'ಕ್ವೆಶ್ಚನ್ ಪೇಪರ್' ಎಂದು ಹೆಸರಿಟ್ಟಿದ್ದರು. ಶಾಲೆಯಲ್ಲಿ ವಿಜ್ಞಾನದ ಮೇಡಂ, ಈ ಸಲ ದೊಡ್ಡ ಮೇಳಕ್ಕೆ ನಮ್ಮ ಶಾಲೆಯಿಂದಲೂ ಒಂದು ಪ್ರಯೋಗ ಹೋಗಲಿ, ಪುಸ್ತಕದಲ್ಲಿ ಇರೋದನ್ನ ತರಬೇಡಿ, ನಿಮ್ಮ ಸುತ್ತ ಇರೋದನ್ನ ನೋಡಿ ಎಂದಿದ್ದರು. ಹುಡುಗಿ ಸುತ್ತ ನೋಡಿದಳು. ಅವರ ಓಣಿಯಲ್ಲಿ ಒಬ್ಬರೂ ಮೆಲ್ಲಗೆ ಮಾತಾಡುವವರಿರಲಿಲ್ಲ. ಉಪ್ಪು ಕೇಳುವುದೂ ಜಗಳದ ಹಾಗೆಯೇ. ಪಕ್ಕದ ಬೀದಿಯವರು ಇವರನ್ನು ಕಾಗೆಗಳು ಅನ್ನುತ್ತಿದ್ದರು.

ವಾರದ ರಜೆಯ ದಿನ, ಶೆಡ್ಡುಗಳು ಸುಮ್ಮನಿರುವಾಗ, ಅವಳು ಗಾಜು ಹೋದ, ಕೀಲಿ ಕೊಡುವ ಹಳೇ ಗಡಿಯಾರವೊಂದನ್ನು ಹಿಡಿದು ಓಣಿಗಿಳಿದಳು. ಒಬ್ಬೊಬ್ಬರನ್ನೇ ಗೋಡೆಗೆ ಮುಖ ಮಾಡಿಸಿ ನಿಲ್ಲಿಸುವುದು, ಗಡಿಯಾರ ಹಿಡಿದು ಹಿಂದೆ ಹಿಂದೆ ಹೋಗುವುದು, ಟಿಕ್ ಟಿಕ್ ಕೇಳಿಸುವುದು ನಿಂತಿತು ಎಂದು ಅವರು ಕೈ ಎತ್ತಿದಾಗ ತಾನಿದ್ದ ಕಡೆ ಸುಣ್ಣದಲ್ಲಿ ಗೆರೆ ಎಳೆಯುವುದು. ಅವಳ ಶಾಲೆಯ ಗೆಳತಿಯರಿಗೆ ನಲ್ಲಿಯ ತನಕ ಕೇಳಿತು. ದರ್ಜಿಯಣ್ಣನಿಗೆ ಅವನ ಅಂಗಡಿ ಮೆಟ್ಟಿಲ ತನಕ. ಮಗ್ಗಕ್ಕೆ ಹೊಸದಾಗಿ ಸೇರಿದವರು ಅದಕ್ಕಿಂತ ಈಚೆ, ಹಳಬರು ಇನ್ನೂ ಈಚೆ. ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದ ಕೆಪ್ಪಜ್ಜ, ಗಡಿಯಾರವನ್ನು ಅವನ ಕಿವಿಗೇ ಒತ್ತಿ ಹಿಡಿದರೂ, "ಕೀಲಿ ಕೊಡೇ ಮೊದ್ಲು" ಅಂದ. ಓಣಿಯೆಲ್ಲ ನಕ್ಕಿತು, ಅವನೂ ನಕ್ಕ.

ಕೊನೆಗೆ ಅಮ್ಮನ ಸರದಿ. ಎತ್ತರದಕ್ಕ ಗೋಡೆಗೆ ಮುಖ ಮಾಡಿ ನಿಂತಳು. ಕೇಳ್ತಿದೆಯಾ ಎಂದು ಮಗಳು ಬೆನ್ನು ತಟ್ಟಿದಳು. ಕೇಳ್ತಿದೆ ಎಂದಳು ಎತ್ತರದಕ್ಕ. ಸ್ವಲ್ಪ ಹೊತ್ತು ಬಿಟ್ಟು ಕೇಳ್ತಾನೇ ಇದೆ ಎಂದಳು. ಇನ್ನೂ ಸ್ವಲ್ಪ ಬಿಟ್ಟು, ನನಗೇನೇ ಆಗಿದೆ, ನಲ್ಲಿಗೆ ಹೋದ್ರೂ ಕೇಳುತ್ತೆ ಎಂದಳು. ತಿರುಗಿ ನೋಡಿದರೆ ಮಗಳು ಎಲ್ಲೂ ಹೋಗದೆ ಬೆನ್ನ ಹಿಂದೆಯೇ ನಿಂತಿದ್ದಳು. ಅಂಗೈಯಲ್ಲಿ ಗಡಿಯಾರ, ಅದರ ಮುಳ್ಳಿನ ಮೇಲೆ ಬೆರಳು.

"ಅಮ್ಮ, ಇದನ್ನ ನಿಲ್ಸಿ ಆಗ್ಲೇ ಎಷ್ಟೋ ಹೊತ್ತಾಯ್ತು."

ಎತ್ತರದಕ್ಕ ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಮಗಳು ಬಂದು ಪಕ್ಕದಲ್ಲಿ ಕೂತು, ತೊಳೆದದ್ದನ್ನು ಒರೆಸಿ ಇಟ್ಟಳು.

ಮೇಡಂ ಪ್ರಯೋಗವನ್ನು ನೋಡಿ ಮೊದಲು ಹಿಗ್ಗಿದರು. ಆಮೇಲೆ ಮೇಳದ ನಿಯಮಗಳ ಪುಸ್ತಕ ತೆಗೆದು ನೋಡಿ ಕುಗ್ಗಿದರು. ಎತ್ತರದಕ್ಕನಿಗೆ ಶಾಲೆಯಿಂದ ಕರೆ ಬಂತು. ಮನುಷ್ಯರ ಮೇಲೆ ಪರೀಕ್ಷೆ ಮಾಡುವುದಾದರೆ ಶುರು ಮಾಡುವ ಮೊದಲೇ ಸಮಿತಿಯ ಅನುಮತಿ ಬೇಕಂತೆ. ಪರೀಕ್ಷೆಗೆ ಒಳಗಾದ ಪ್ರತಿಯೊಬ್ಬರೂ ತಿಳಿದು ಒಪ್ಪಿ ಸಹಿ ಹಾಕಿರಬೇಕಂತೆ. ಅವರೆಲ್ಲ ಒಂದೇ ಸಂಸ್ಥೆಯವರಾದರೆ ಸಂಸ್ಥೆಯ ಮುಖ್ಯಸ್ಥರ ಪತ್ರ ಬೇಕಂತೆ. ಒಂದು ಅರ್ಜಿಯೂ ಇತ್ತು. ಅದರಲ್ಲಿ 'ಭಾಗವಹಿಸಿದವರಿಗೆ ಆಗಬಹುದಾದ ಅಪಾಯ' ಎಂಬ ಕಡೆ ಹುಡುಗಿ ದುಂಡಗೆ ಬರೆದಿದ್ದಳು: ಏನೂ ಇಲ್ಲ. ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ಅಷ್ಟೆ.

"ಈ ನಿಯಮ ಇರೋದು ನಿಮ್ಮನ್ನ ಕಾಪಾಡೋಕೇ ಅಮ್ಮ" ಎಂದರು ಮೇಡಂ. "ಯಾರೋ ಬಂದು ನಿಮ್ಮ ಮೇಲೆ ಏನೇನೋ ಪ್ರಯೋಗ ಮಾಡಬಾರದಲ್ಲ. ನಿಮ್ಮ ಶೆಡ್ಡಿನ ಸಾಹುಕಾರರ ಹತ್ರ ಒಂದು ಪತ್ರ ಬರೆಸಿ ತಂದುಬಿಡಿ. ಉಳಿದದ್ದಕ್ಕೆ ನಾನು ಏನಾದರೂ ಮಾಡ್ತೀನಿ."

ಸಾಹುಕಾರರ ಕೋಣೆ ಶೆಡ್ಡಿನ ಮೂಲೆಯಲ್ಲಿ, ಗಾಜಿನದು. ಬಾಗಿಲು ಮುಚ್ಚಿದರೆ ಮಗ್ಗಗಳ ಸದ್ದು ಆಚೆಯೇ ನಿಲ್ಲುತ್ತಿತ್ತು. ಎತ್ತರದಕ್ಕನ ಕಿವಿಯೊಳಗೆ ಜುಂಯ್ ಎನ್ನುವುದು ಮಾತ್ರ ನಿಲ್ಲಲಿಲ್ಲ. ಸಾಹುಕಾರರು ಚಹಾ ಕುಡಿಯುತ್ತ ಅರ್ಜಿಯನ್ನು ಓದಿದರು. ಗುಮಾಸ್ತ ಪಕ್ಕದಲ್ಲಿ ನಿಂತಿದ್ದ.

"ಮಗಳು ಭಾಳ ಚುರುಕು" ಎಂದರು ಸಾಹುಕಾರರು. "ಇದೆಲ್ಲ ಯಾಕಮ್ಮ, ಸೂರ್ಯ ಚಂದ್ರ ಏನಾದ್ರೂ ಮಾಡ್ಲಿ. ಚೆಂಡು ಬಣ್ಣ ನಾನೇ ಕೊಡಿಸ್ತೀನಿ."

ಒಂದು ಸಹಿ ಸಾಕು ಸಾಹುಕಾರ್ರೆ, ಮಗು ಆಸೆ ಪಟ್ಟಿದೆ ಎಂದಳು ಎತ್ತರದಕ್ಕ. ಸಾಹುಕಾರರು ಅವಳನ್ನೇ ನೋಡಿದರು. ಲೋಟ ಹಿಡಿದು ಎದ್ದು ಕಿಟಕಿಯ ಕಡೆ ಹೋಗಿ ಅವಳಿಗೆ ಬೆನ್ನು ಹಾಕಿ ನಿಂತರು. ಅವರ ಕತ್ತಿನ ಹಿಂಭಾಗ ಅಲುಗಿತು. ಏನೋ ಕೇಳುತ್ತಿದ್ದಾರೆ ಎಂದುಕೊಂಡು ಎತ್ತರದಕ್ಕ, "ಹೂಂ ಸಾಹುಕಾರ್ರೆ" ಅಂದಳು. ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ಕತ್ತು ಮತ್ತೆ ಅಲುಗಿತು. "ಹೌದು ಸಾಹುಕಾರ್ರೆ, ಖಂಡಿತ" ಅಂದಳು. ಗುಮಾಸ್ತ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದ. ತಾನು ಯಾವ ಮಾತಿಗೆ ಹೂಂಗುಟ್ಟಿದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸಾಹುಕಾರರು ಈಕಡೆ ತಿರುಗಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಈ ಸಲ ಅವಳಿಗೆ ತುಟಿ ಚೆನ್ನಾಗಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದರು:

"ನನ್ನ ಶೆಡ್ಡಲ್ಲಿ ಕಿವುಡರು ಇಲ್ಲ. ಇದ್ರೆ, ಅವರು ನನ್ನ ಶೆಡ್ಡಲ್ಲಿ ಇರೋದಿಲ್ಲ."

ಮಾರನೇ ದಿನ ಅವಳ ಮಗ್ಗದ ಮುಂದೆ ಬೇರೆ ಹುಡುಗಿ ನಿಂತಿದ್ದಳು. ಮೇಸ್ತ್ರಿ ಬಾಯಿಬಿಟ್ಟು ಹೇಳುವ ಗೋಜಿಗೂ ಹೋಗದೆ ಕಸಬರಿಕೆಯನ್ನು ಅವಳ ಕಾಲ ಹತ್ತಿರ ಎಸೆದು ಹೋದ. ವಿಷಯ ಕೇಳಿದ ಮಗಳು ರಾತ್ರಿಯೆಲ್ಲ ಕೂತು ಬರೆದಿದ್ದ ದೊಡ್ಡ ಹಾಳೆಯನ್ನು ಹರಿಯಲು ಎತ್ತಿಕೊಂಡಳು. ಆ ಹಾಳೆಯಲ್ಲಿ ಓಣಿಯ ಚಿತ್ರವಿತ್ತು, ಯಾರ ಹೆಸರೂ ಇಲ್ಲದೆ ಬರೀ ಗೆರೆಗಳಿದ್ದವು. ಎತ್ತರದಕ್ಕ ಅವಳ ಮಣಿಕಟ್ಟು ಹಿಡಿದಳು.

"ಹರಿದ್ರೆ ಕೈ ಮುರೀತೀನಿ. ಕೊಡೋ ಬೆಲೆ ಕೊಟ್ಟಾಯ್ತಲ್ಲ. ಇನ್ನು ಮಾಲಾದ್ರೂ ಮನೆಗೆ ಬರ್ಲಿ."

ಮೇಳದ ಪಟ್ಟಿಯಲ್ಲಿ ಹೆಸರು ಮೊದಲೇ ಸೇರಿಹೋಗಿತ್ತು. ಪತ್ರ ಆಮೇಲೆ ಬರುತ್ತೆ ಎಂದು ಮೇಡಂ ಏನೋ ಹೇಳಿ ಒಂದು ಮೇಜು ಗಿಟ್ಟಿಸಿದರು. ಮೇಳದ ದಿನ ಶೆಡ್ಡಿಗೆ ರಜೆಯಾದ್ದರಿಂದ ಓಣಿಯವರು ಒಂದಿಷ್ಟು ಜನ ಹುಡುಗಿಯ ಜೊತೆ ಬಂದಿದ್ದರು. ಕೆಪ್ಪಜ್ಜನೂ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ದೊಡ್ಡ ಸಭಾಂಗಣ, ಕಿಟಕಿಗಳಿಗೆಲ್ಲ ದಪ್ಪ ಪರದೆ, ಮೇಲೆ ಸಾಲು ದೀಪ. ಪಕ್ಕದ ಮೇಜಿನ ಮೇಲೆ ಇನ್ನೊಂದು ಶಾಲೆಯವರು ಥರ್ಮಾಕೋಲಿನಲ್ಲಿ ಆಳೆತ್ತರದ ಕಿವಿಯೊಂದನ್ನು ಮಾಡಿಟ್ಟಿದ್ದರು. ಗುಂಡಿ ಒತ್ತಿದರೆ ಅದರೊಳಗೆ ಕೆಂಪು ಬಲ್ಬು ಉರಿದು, ಸದ್ದು ಹೋಗುವ ದಾರಿಯನ್ನು ತೋರಿಸುತ್ತಿತ್ತು. ಜನ ಅಲ್ಲಿ ಮುತ್ತಿಕೊಂಡಿದ್ದರು.

ಹುಡುಗಿ ನೋಡಲು ಬಂದವರಿಗೆ ಶೆಡ್ಡಿನ ಸದ್ದನ್ನು ಕೇಳಿಸಬೇಕೆಂದಿದ್ದಳು. ಆಚೆ ಸಾಲಿನವಳು ಶೆಡ್ಡಿನಲ್ಲಿ ಟವೆಲ್ಲಿನೊಳಗೆ ಫೋನು ಸುತ್ತಿಟ್ಟು ಆ ಸದ್ದನ್ನು ರೆಕಾರ್ಡು ಮಾಡಿ ತಂದಿದ್ದಳು. ತಳ್ಳುಗಾಡಿಯಲ್ಲಿ ಹಣ್ಣು ಕೂಗಿ ಮಾರುವವನಿಂದ ಸ್ಪೀಕರ್ ಪೆಟ್ಟಿಗೆಯನ್ನೂ ಎರವಲು ತಂದಾಗಿತ್ತು. ಸದ್ದು ಮಾಡುವ ವಸ್ತುಗಳನ್ನು ಸಭಾಂಗಣಕ್ಕೆ ತರಬಾರದೆಂಬ ನಿಯಮವೂ ಒಂದಿದೆ ಎಂದು ಮೇಡಂ ಅದನ್ನು ಮೇಜಿನ ಕೆಳಗೆ ತಳ್ಳಿಸಿ ಬಟ್ಟೆ ಮುಚ್ಚಿಸಿದರು.

ಮುಖ್ಯ ತೀರ್ಪುಗಾರರು ತೆಳ್ಳನೆಯ ಮನುಷ್ಯ, ಸೌಮ್ಯ ಮಾತು. ಹುಡುಗಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ಅನುಮತಿ ಪತ್ರ ಕೇಳಿದರು. ಇಲ್ಲವೆಂದಾಗ ಹಾಳೆಯನ್ನು ತಾವೇ ಎತ್ತಿ, ಬರಹ ಗೋಡೆಯ ಕಡೆಗಾಗುವಂತೆ ತಿರುಗಿಸಿಟ್ಟರು. ಈ ಪರೀಕ್ಷೆಗೆ ಒಳಗಾದ ಜನರ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಪ್ರದರ್ಶಿಸಿದರೆ ಅವರ ಮನಸ್ಸಿಗೆ ನೋವಾಗಬಹುದು ಎಂದು ಹುಡುಗಿಗೆ ತಿಳಿಹೇಳಿದರು.

"ಆ ಜನ ನಾವೇ ಸಾರ್. ಇಲ್ಲೇ ಇದೀವಿ" ಎಂದಳು ಎತ್ತರದಕ್ಕ. "ಎಲ್ಲಿ ಸೈನ್ ಹಾಕ್ಬೇಕು ಹೇಳಿ."

ಈಗ ಹಾಕಿದರೆ ಬರುವುದಿಲ್ಲ, ಪ್ರಯೋಗಕ್ಕೆ ಮೊದಲೇ ಒಪ್ಪಿಗೆ ಪಡೆದಿರಬೇಕು ಎಂದರು ಅವರು.

"ಶೆಡ್ಡಲ್ಲಿ ನಮ್ಮ ಕಿವಿ ಮೇಲೆ ಇಷ್ಟು ವರ್ಷದಿಂದ ಪ್ರಯೋಗ ನಡೀತಾ ಇದೆಯಲ್ಲ ಸಾರ್. ಅದಕ್ಕೆ ಮೊದಲು ಯಾರು ಕೇಳಿದ್ರು ನಮ್ಮನ್ನ?"

ತೀರ್ಪುಗಾರರು ನಿಯಮದ ಪುಸ್ತಕ ಮುಚ್ಚಿದರು. "ಅದು ಈ ಸಮಿತಿಯ ವ್ಯಾಪ್ತಿಗೆ ಬರೋದಿಲ್ಲ ಅಮ್ಮ" ಎಂದು ಮರ್ಯಾದೆಯಿಂದಲೇ ಹೇಳಿ, ಪಕ್ಕದ ಮೇಜಿನ ಕಿವಿಯ ಕಡೆ ನಡೆದರು. ಗುಂಡಿ ಒತ್ತಿದರು. ಕೆಂಪು ಬಲ್ಬು ಉರಿಯಿತು. ಚಪ್ಪಾಳೆ ಬಿತ್ತು.

ಹುಡುಗಿ ಗೋಡೆಗೆ ಮುಖ ಮಾಡಿದ ಹಾಳೆಯನ್ನೇ ನೋಡುತ್ತ ನಿಂತಿದ್ದಳು. ಎತ್ತರದಕ್ಕ ಬಗ್ಗಿ, ಬಟ್ಟೆ ಸರಿಸಿ, ಪೆಟ್ಟಿಗೆಯನ್ನು ಎಳೆದು ಮೇಜಿನ ಮೇಲೆ ಕುಕ್ಕಿದಳು. ಮೇಡಂ ಅವಳ ತೋಳು ಹಿಡಿದರು, ಆಮೇಲೆ ಯಾಕೋ ಬಿಟ್ಟರು. ಆಚೆ ಸಾಲಿನವಳು ಫೋನನ್ನು ಸಿಗಿಸಿದಳು. ಎತ್ತರದಕ್ಕ ಸದ್ದು ಏರಿಸುವ ತಿರುಪನ್ನು ಹಿಡಿದು, ಅದು ಎಲ್ಲಿಯ ತನಕ ತಿರುಗುತ್ತದೋ ಅಲ್ಲಿಯ ತನಕ ತಿರುಗಿಸಿದಳು.

ಶೆಡ್ಡಿಗೆ ಶೆಡ್ಡೇ ಸಭಾಂಗಣದೊಳಗೆ ನುಗ್ಗಿತು. ಮಕ್ಕಳು ಕಿವಿ ಮುಚ್ಚಿಕೊಂಡರು, ಯಾರದೋ ಕೈಯಿಂದ ಗಾಜಿನ ನಳಿಕೆ ಜಾರಿ ಚೂರಾಯಿತು, ಒಂದು ಎಳೆಯ ಕೂಸು ಅತ್ತಿತು, ಅದು ಅಳುತ್ತಿರುವುದು ಬಾಯಿ ನೋಡಿದರಷ್ಟೇ ತಿಳಿಯುತ್ತಿತ್ತು. ಓಣಿಯವರು ಕದಲದೆ ನಿಂತಿದ್ದರು. ಕೆಪ್ಪಜ್ಜನಿಗೆ ಎಲ್ಲರೂ ಯಾಕೆ ಓಡಾಡುತ್ತಿದ್ದಾರೆಂದು ಅರ್ಥವಾಗಲಿಲ್ಲ. ಮೇಜಿನ ಮೇಲೆ ಅಂಗೈ ಊರಿದವನು ಹಾಗೇ ನಿಂತ. ಮರ ನಡುಗುತ್ತಿತ್ತು. ಅವನು ಎರಡನೇ ಕೈಯನ್ನೂ ಊರಿ, ತಲೆ ಬಗ್ಗಿಸಿ, "ನಮ್ಮದೇ ಕಣಮ್ಮ ಇದು" ಎಂದು ಯಾರಿಗೆಂದಿಲ್ಲದೆ ಹೇಳಿದ.

ಮುಖ್ಯ ತೀರ್ಪುಗಾರರು ಎರಡೂ ಕಿವಿ ಮುಚ್ಚಿಕೊಂಡು ಬಂದರು. ನಿಯಮದ ಪುಸ್ತಕ ಕಂಕುಳಲ್ಲಿತ್ತು. ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದರು. ಎತ್ತರದಕ್ಕ ತಿರುಪಿನ ಮೇಲಿನ ಕೈ ತೆಗೆಯಲಿಲ್ಲ. ಇಬ್ಬರು ಬಂದು ಅವಳ ಭುಜ ಹಿಡಿದು ಎಳೆದರು; ಹೆಂಗಸರು ಮೇಜಿನ ಸುತ್ತ ಒತ್ತಿಕೊಂಡು ನಿಂತರು. ಒಬ್ಬ ವೈರು ಹುಡುಕುತ್ತ ಮೇಜಿನ ಕೆಳಗೆ ನುಗ್ಗಿದ. ಕೊನೆಗೆ ಯಾರೋ ಓಡಿಹೋಗಿ ಸಭಾಂಗಣದ ಮೇನ್ ಸ್ವಿಚ್ಚನ್ನೇ ಎಳೆದರು.

ಸಾಲು ದೀಪಗಳು ಆರಿದವು. ಫ್ಯಾನುಗಳು ನಿಂತವು. ಥರ್ಮಾಕೋಲಿನ ಕಿವಿಯೊಳಗಿನ ಕೆಂಪು ಬಲ್ಬೂ ಆರಿತು. ಕತ್ತಲಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ಹಣ್ಣಿನವನ ಪೆಟ್ಟಿಗೆ ಬ್ಯಾಟರಿಯದು.