ಶಿಖರದ ಎಡಗಡೆಯ ಉಬ್ಬು

ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವವಳು ನಾನು. "ಇವಳು ಬೀಗಕ್ಕೂ ಬೀಗ ಹಾಕೋಳು" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ಅಂಥವಳು ಮಾಡಿದ ಸೀಸದ ಹಾಳೆಯಲ್ಲಿ ಕೊಳೆಯಿದೆ ಎಂದರು, ನನ್ನ ಸಂಶೋಧನೆಯ ಮೇಷ್ಟ್ರು.

ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹಾಳೆ. ಕಣಗಳನ್ನು ಓಡಿಸುವ ವೇಗವರ್ಧಕ ಯಂತ್ರದಿಂದ ಬರುವ ಆಮ್ಲಜನಕದ ಅಯಾನುಗಳನ್ನು ಅದರ ಮೇಲೆ ಹಾಯಿಸುತ್ತಿದ್ದೆವು. ಬಹುಪಾಲು ಅಯಾನುಗಳು ಸೀಸದ ನ್ಯೂಕ್ಲಿಯಸ್ಸನ್ನು ಒಳಗೆ ಕಲಕದೆ ಚದುರಿ ಹೋಗುತ್ತವೆ. ಪರದೆಯ ಮೇಲಿನ ಎತ್ತರದ ಶಿಖರ ಅವುಗಳದು. ಕೆಲವು ಮಾತ್ರ ತಮ್ಮ ಶಕ್ತಿಯಲ್ಲಿ ಒಂದಿಷ್ಟನ್ನು ನ್ಯೂಕ್ಲಿಯಸ್ಸಿಗೇ ಕೊಟ್ಟು, ಅದನ್ನು ನಡುಗಿಸಿ, ಸುಸ್ತಾಗಿ ಹೊರಬರುತ್ತವೆ; ಶಕ್ತಿ ಕಳೆದುಕೊಂಡಷ್ಟೂ ಪರದೆಯಲ್ಲಿ ಎಡಕ್ಕೆ ಬೀಳುತ್ತವೆ. ನನ್ನ ಪ್ರಬಂಧ ಆ ಕೆಲವನ್ನೇ ನಂಬಿಕೊಂಡಿತ್ತು. ಶಿಖರದ ಎಡಕ್ಕೆ ಉಬ್ಬೊಂದು ಕಂಡಾಗ ನನಗೆ ಹೋದ ಜೀವ ಬಂದಿತ್ತು.

ಮೇಷ್ಟ್ರು ಒಪ್ಪಲಿಲ್ಲ. ಗಾಳಿ ಹೊರಗೆಳೆಯುವ ಪಂಪಿನ ಎಣ್ಣೆಯ ಹಬೆಯಿಂದ ಹಾಳೆಗೆ ಇಂಗಾಲ ಹತ್ತಿದೆ, ಅದಕ್ಕೆ ಬಡಿದ ಅಯಾನುಗಳೂ ಅಲ್ಲೇ ಕಾಣುತ್ತವೆ, ಉಬ್ಬನ್ನು ಕಳೆದು ಬರೆದುಬಿಡು ಎಂದರು. ಯಂತ್ರ ನಡೆಸುವವನನ್ನು ಎಲ್ಲರೂ ಗಡಿಯಾರ ಎನ್ನುತ್ತೇವೆ. ನಮ್ಮ ಹೊತ್ತು ಮುಗಿಯಿತೆಂದು ಅವನು ಆಗಲೇ ಮುಂದಿನ ತಂಡಕ್ಕೆ ಅಯಾನುಗಳ ಕಿರಣ ಬಿಟ್ಟುಕೊಡಲು ಕೈ ಚಾಚಿದ್ದ.

"ಕೈ ತೆಗಿಯಪ್ಪ," ಎಂದೆ. ಕುರ್ಚಿ ಬಿಟ್ಟೇಳಲಿಲ್ಲ. "ಡಿಟೆಕ್ಟರ್ ಕೋನ ಸ್ವಲ್ಪ ಹೆಚ್ಚಿಸೋಣ. ಇಂಗಾಲ ಹಗುರ, ಅದರ ಉಬ್ಬಾದ್ರೆ ದೂರ ಓಡುತ್ತೆ. ಸೀಸದ್ದಾದ್ರೆ ಶಿಖರದ ಪಕ್ಕ ಬಿಡಲ್ಲ."

"ಓಡಿಹೋದ್ರೆ?" ಮೇಷ್ಟ್ರು ಕೇಳಿದರು.

"ನಾನೇ ಅಳಿಸ್ತೀನಿ ಸಾರ್. ನೋಡದೆ ಮಾತ್ರ ಅಳಿಸಲ್ಲ."

ಗಡಿಯಾರ ನಮ್ಮಿಬ್ಬರ ಮುಖ ನೋಡಿದ. ಮುಂದಿನ ತಂಡದವರು ಬೈದರೆ ಮೇಡಂ ಕಡೆಗೇ ಬೆರಳು ತೋರಿಸುತ್ತೇನೆ ಎಂದು ಗೊಣಗುತ್ತ, ಚದುರಿದ ಅಯಾನುಗಳನ್ನು ಹಿಡಿಯುವ ಡಿಟೆಕ್ಟರನ್ನು ತಿರುಗಿಸಿದ. ತೋರಿಸು ಎಂದೆ.

ಪರದೆ ಚುಕ್ಕಿ ಚುಕ್ಕಿಯಾಗಿ ತುಂಬತೊಡಗಿತು. ಮೊದಲು ತಲೆ ಎತ್ತಿದ್ದು ಶಿಖರದಿಂದ ಬಹುದೂರ, ಎಡಮೂಲೆಯಲ್ಲಿ. ಇಂಗಾಲ. ಮೇಷ್ಟ್ರು ಹುಬ್ಬು ಹಾರಿಸಿದರು, ಅಷ್ಟೆ. ಎದ್ದುಹೋಗಬಹುದಿತ್ತು, ಕೂತೇ ಇದ್ದೆ. ಬಹಳ ಹೊತ್ತಿನ ಮೇಲೆ ಶಿಖರದ ಮಗ್ಗುಲಲ್ಲಿ, ಮೊದಲಿದ್ದಷ್ಟೇ ಅಂತರದಲ್ಲಿ, ಇನ್ನೊಂದು ಚಿಕ್ಕ ಉಬ್ಬು ಮೂಡಿ ನಿಂತಿತು. ಹಳೆಯ ಕೋನದಲ್ಲಿ ಎರಡೂ ಒಂದರ ಮೇಲೊಂದು ಬಿದ್ದುಕೊಂಡಿದ್ದವು.

"ಕೊಳೆ ಇತ್ತಲ್ಲಮ್ಮ," ಎಂದರು ಮೇಷ್ಟ್ರು.

"ಇತ್ತು ಸಾರ್. ಕೊಳೆ ನನ್ನದೇ." ಚಿಕ್ಕ ಉಬ್ಬಿನ ಮೇಲೆ ಬೆರಳಿಟ್ಟೆ. "ಇದೂ ನನ್ನದೇ. ಎರಡನ್ನೂ ಬರೀತೀನಿ."

ಅವರು ಕೂರಲು ಕುರ್ಚಿಗಾಗಿ ಅತ್ತಿತ್ತ ನೋಡಿದರು. ನನ್ನದನ್ನು ನಾನು ಬಿಡಲಿಲ್ಲ.