ಹೆಸರು ಕೇಳಲು ಬಂದ ಅತ್ತೆ

ಸತ್ತ ಅತ್ತೆ ಮತ್ತೆ ಕನಸಿಗೆ ಬಂದಿದ್ದಳು. ತುಂಬು ಬಸುರಿ ಆಲ್ಫ್‌ದಿಸ್ ಬೆಳಗ್ಗೆ ಎದ್ದವಳೇ ಗಂಡನ ಮೇಲೆ ಹರಿಹಾಯ್ದಳು.

“ನಿಮ್ಮಮ್ಮನಿಗೆ ಹೇಳಿ, ನನ್ನ ಮಗೂಗೆ ಆ ಹೆಸರು ಇಡೋದಿಲ್ಲ!”

“ಸತ್ತೋರಿಗೆ ನಾನು ಹೇಗೆ ಹೇಳ್ಲಿ ಮಾರಾಯ್ತಿ? ನಿನ್ ಹತ್ರಾನೇ ಬರ್ತಾಳಲ್ಲ, ನೀನೇ ಹೇಳು,” ಎಂದ ಬೇರ್ಗುರ್, ಗಂಜಿ ಕುಡಿಯುತ್ತ.

ಐಸ್‌ಲ್ಯಾಂಡಿನ ಆ ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಸತ್ತವರು ಬಸುರಿಯ ಕನಸಿಗೆ ಬರುವುದು ಹೆಸರು ಕೇಳಲಿಕ್ಕೇ. ಇಲ್ಲವೆಂದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ. ಆದರೆ ಎಂಥ ಹೆಸರು! ಗುನ್‌ಹಿಲ್ದುರ್. ‘ಗುನ್’ ಎಂದರೂ ಯುದ್ಧ, ‘ಹಿಲ್ದುರ್’ ಎಂದರೂ ಯುದ್ಧ. ಕತ್ತಿ ಹಿಡಿದು ಹಡಗೇರುತ್ತಿದ್ದ ಹಿರಿಯರು ಹೆಣ್ಣುಮಗು ಎಂದೂ ನೋಡದೆ ಎರಡೆರಡು ಯುದ್ಧ ಕೊರಳಿಗೆ ಕಟ್ಟಿದ್ದರು. ಆಮೇಲೆ ಪಾದ್ರಿಗಳು ಬಂದರು, ಸಂತರ ಹೆಸರುಗಳೂ ಬಂದವು. ಇದು ಮಾತ್ರ ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುತ್ತಲೇ ಇತ್ತು. ಅತ್ತೆಯಂತೂ ಹೆಸರಿಗೆ ತಕ್ಕವಳೇ. “ಹಾಲು ಕರೀತಿದೀಯೋ, ಹಸು ಜತೆ ಹರಟೆ ಹೊಡೀತಿದೀಯೋ?” ಎಂದು ಸಾಯುವ ವಾರದಲ್ಲೂ ಚುಚ್ಚಿದ್ದಳು. ಆ ಗಯ್ಯಾಳಿಯ ಹೆಸರನ್ನು ದಿನವೂ ಕರೆಯಬೇಕೇ? ಹೆಣ್ಣಾದರೆ ತನ್ನ ತಾಯಿಯ ಹೆಸರು, ಲಿಲ್ಯಾ, ಎಂದು ಆಲ್ಫ್‌ದಿಸ್ ನಿಶ್ಚಯಿಸಿಬಿಟ್ಟಿದ್ದಳು. ಮಗುವಿಗೆ ಏನಾದರೂ ಆದೀತೆಂಬ ಭಯವನ್ನು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಉಣ್ಣೆ ನೂಲುತ್ತಿದ್ದ ಹಾಗೇ ಜೊಂಪು ಹತ್ತಿತು. ಬಾಗಿಲಲ್ಲಿ ಮಂಜು, ಮಂಜಿನೊಳಗೆ ಅತ್ತೆ. ಬರಿಗಾಲಿನ ಪುಟ್ಟ ಹುಡುಗಿ, ಆದರೂ ಅತ್ತೆಯೇ.

“ಒಳಗೆ ಬರ್ಲಾ?”

ಬದುಕಿದ್ದಾಗ ಒಮ್ಮೆಯೂ ಹೀಗೆ ಕೇಳಿದವಳಲ್ಲ.

“ಆ ಹೆಸರೇ ಯಾಕತ್ತೆ ಬೇಕು ನಿಮಗೆ? ಇನ್ನೂ ಯಾರ ಮೇಲೆ ಯುದ್ಧ?”

“ಅಪ್ಪ ಅಮ್ಮ ಇಲ್ದೋಳು ನಾನು. ಊರೋರು ಮನೆಯಿಂದ ಮನೆಗೆ ಸಾಗಹಾಕಿದ್ರು. ಗುನ್‌ಹಿಲ್ದುರ್, ನೀರು ತಾ. ಗುನ್‌ಹಿಲ್ದುರ್, ಸಗಣಿ ಬಾಚು. ಗದರೋದಕ್ಕೆ ಬಿಟ್ರೆ ಯಾರೂ ಆ ಹೆಸರು ಕರೀಲೇ ಇಲ್ಲ ಕಣೇ. ಮುದ್ದು ಮಾಡಿ ಕರೆದ್ರೆ ಅದು ಹೇಗಿರುತ್ತೋ, ಒಂದ್ಸಲ ಕೇಳಿಸ್ಕೋಬೇಕಿತ್ತು.”

ಹುಡುಗಿಯ ಪಾದ ಚಳಿಗೆ ನೀಲಿಗಟ್ಟಿತ್ತು. ಆಲ್ಫ್‌ದಿಸ್‌ಗೆ ಅಯ್ಯೋ ಅನ್ನಿಸಿತು, ಜತೆಗೇ ಸಿಟ್ಟೂ ಬಂತು. ಬದುಕಿದ್ದಾಗ ಇದನ್ನು ಬಾಯಿಬಿಟ್ಟು ಹೇಳಬಾರದಿತ್ತೇ ಮುದುಕಿ! ಉತ್ತರ ಕೊಡುವಷ್ಟರಲ್ಲಿ ಎಚ್ಚರವಾಯಿತು. ಹೆರಿಗೆ ನೋವು ಶುರುವಾಗಿತ್ತು.

ಹೆಣ್ಣು ಹುಟ್ಟಿತು. ಅಳುತ್ತಿದ್ದ ಕೂಸನ್ನು ಬೇರ್ಗುರ್ ಎತ್ತಿಕೊಂಡು, “ಬಾರೇ ನನ್ ಲಿಲ್ಯಾ,” ಎನ್ನುತ್ತಿದ್ದಂತೆ ಆಲ್ಫ್‌ದಿಸ್ ಕೈಚಾಚಿ ಈಸಿಕೊಂಡಳು. ಎದೆಗೊತ್ತಿಕೊಂಡು ಅದರ ಕಿವಿಯ ಹತ್ತಿರ ಬಾಗಿದಳು.

“ಗುನ್‌ಹಿಲ್ದುರ್,” ಎಂದಳು. “ಅಳಬೇಡ್ವೇ ಗುನ್ನಾ. ನನ್ ಬಂಗಾರಿ, ನನ್ ಗುನ್ನಾ.”

ಬೇರ್ಗುರ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತುಬಿಟ್ಟ. ಅಮ್ಮನನ್ನು ಯಾರಾದರೂ ಹಾಗೆ ಅಕ್ಕರೆಯಿಂದ ಕರೆದದ್ದನ್ನು ಅವನು ಕೇಳಿಯೇ ಇರಲಿಲ್ಲ. ಅವನೂ ಕರೆದಿರಲಿಲ್ಲ.