ಹೇಳದೆ ಸೇರಿಸಿದ ಮಾತು

"ನೀರಿಗೆ ಬಣ್ಣ ಹೋಗವಲ್ದು, ದೊಡ್ಡವ್ವ," ಎನ್ನುತ್ತ ಶಫೀಕ ಅಂಗಳದಲ್ಲಿ ಕಟ್ಟಿದ್ದ ಪರದೆ ಸರಿಸಿ ಹೊರಗೆ ಬಂದ. ಮೊಣಕೈವರೆಗೆ ಒದ್ದೆ, ಬೆರಳ ತುದಿಗಳಲ್ಲಿ ಬಿಳಿ ಬಣ್ಣ. ಒಳಗೆ ಹಲಗೆಯ ಮೇಲೆ ಅವನ ಅಪ್ಪ ಕರೀಮಸಾಬನ ಕೊನೆಯ ಸ್ನಾನ ನಡೆದಿತ್ತು.

ಫಕ್ಕೀರವ್ವ ಗೋಡೆಗೆ ಆನಿಸಿದ್ದ ತಲೆ ಎತ್ತಿದಳು. "ಕೊಬ್ಬರಿ ಎಣ್ಣಿ ಹಚ್ಚಪಾ. ಸ್ವಲ್ಪ ಹೊತ್ತು ಬಿಟ್ಟು ಮೆತ್ತನ್ನ ಅರಬೀಲೆ ಒರಸು. ಹುಬ್ಬಿಗೆ ಅಂಟು ಹಚ್ಚೈತಿ, ಹಗೂರಕ ತಗಿ. ಜಗ್ಗಿದ್ರ ನೋವಾಕೈತಿ ಅಂವಗ."

ಆಡಿದ ಮೇಲೆ ಆ ಮಾತು ಅವಳಿಗೇ ಚುಚ್ಚಿತು. ಶಫೀಕ ತಲೆ ತಗ್ಗಿಸಿಕೊಂಡು ಎಣ್ಣೆ ತರಲು ಅಡುಗೆಮನೆಗೆ ಹೋದ.

ನಿನ್ನೆ ಸಂಜೆ ಅಸುಂಡಿಯ ಶಾಲೆಯ ಬಯಲಿನಲ್ಲಿ ನಾಟಕದ ನಡುವೆಯೇ ಕರೀಮಸಾಬ ತೀರಿಕೊಂಡಿದ್ದ. ಗದಗಿನ ದವಾಖಾನೆಯಲ್ಲಿ ನಾಡಿ ಹಿಡಿದು ನೋಡಿ ಕೈಬಿಟ್ಟರು. ಬಣ್ಣದ ಮುಖದಲ್ಲೇ ಬೆಟಗೇರಿಯ ಮನೆಗೆ ತಂದರು. ಜತೆಗೆ ಬಂದ ಫಕ್ಕೀರವ್ವ ಇನ್ನೂ ನಾಟಕದ ಸೀರೆಯಲ್ಲೇ ಇದ್ದಳು. ರಂಗದ ಮೇಲೆ ಅವನ ಹೆಂಡತಿಯಾಗಿ ಉಟ್ಟ ಸೀರೆ. ದಾರಿಯುದ್ದಕ್ಕೂ ಅವಳು ಒಂದು ಮಾತನ್ನು ಹೊತ್ತು ತಂದಿದ್ದಳು. ಅದನ್ನು ಅವನ ನಿಜವಾದ ಹೆಂಡತಿ ನಜಮಾಳಿಗೆ ಹೇಳಬೇಕು. ಮಣ್ಣಿಗೆ ಒಯ್ಯುವ ಮೊದಲು ಹೇಳಬೇಕು.

ಬಾಗಿಲಾಚೆ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು.

"ಮಂದಿ ನಗತಿರಬೇಕಾದ್ರನ ಹ್ವಾದ ನೋಡ್ರಿ," ಎಂದ ನಾಟಕ ಕಂಪನಿಯಲ್ಲಿ ಪೇಟಿ ನುಡಿಸುವ ಲಕ್ಷ್ಮಪ್ಪ. "ಇಂಥಾ ಸಾವು ಯಾರಿಗೆ ಸಿಗತೈತಿ?"

"ನನ್ನ ಮಂಡಿನೋವು ಕದ್ದೊಯ್ದಾಂವಲೇ ಅಂವ," ಎಂದ ನೆರೆಮನೆಯ ದಾದಾಪೀರ. "ನಾ ಮಸೂತಿ ಮೆಟ್ಟಲಾ ಇಳಿಯೂದನ್ನ ದಿನಾ ನೋಡಿಕೋತ ಕುಂಡ್ರತಿದ್ದ. ನಾಟಕದಾಗ ಹಂಗಽ ಇಳದ. ನನ್ನ ಹೆಂಡ್ತಿ ಮುಂದಿನ ಸಾಲಿನ್ಯಾಗ ಕುಂತು, 'ಅಯ್ಯ, ನಮ್ಮನಿಯವ್ರು' ಅಂದ್ಳು."

ಗಂಡಸರು ನಕ್ಕರು. ನಕ್ಕದ್ದಕ್ಕೆ ನಾಚಿಕೊಂಡರು.

*

ಅದೊಂದು ಹಳೆಯ ನಗೆನಾಟಕ. ಮನೆಯವರು ತನ್ನನ್ನು ಎಷ್ಟು ಪ್ರೀತಿಸುತ್ತಾರೆಂದು ತಿಳಿಯಲು ಮುದಿ ಸಾಹುಕಾರನೊಬ್ಬ ಸತ್ತಂತೆ ಮಲಗುತ್ತಾನೆ. ಹೆಂಡತಿ ಎದೆ ಬಡಿದುಕೊಂಡು ಅತ್ತು ಕೊನೆಯ ಬಿಕ್ಕಿಗೆ ಬಂದಾಗ ಸೀನುತ್ತ ಎದ್ದು ಕೂರುತ್ತಾನೆ. ಕರೀಮಸಾಬ ಹರೆಯದಲ್ಲಿ ಅದರಲ್ಲಿ ಅಳಿಯನಾಗಿದ್ದ, ಆಮೇಲೆ ಮನೆಯಾಳು, ಕೂದಲು ನೆರೆತ ಮೇಲೆ ಸಾಹುಕಾರ.

ಶಿರಹಟ್ಟಿಯಿಂದ ಬಂದು ಹೊಸದಾಗಿ ಕಂಪನಿ ಸೇರಿದಾಗ ಫಕ್ಕೀರವ್ವ, ಸಾಹುಕಾರನ ಹೆಂಡತಿಯಾಗಿ ಅಳುವಾಗ ಮುಖ ಸೊಟ್ಟ ಮಾಡಿ ನಗಿಸಲು ನೋಡಿದ್ದಳು. ಯಾರೂ ನಗಲಿಲ್ಲ.

"ನಗಸಾಕ ಹೋಗಬ್ಯಾಡವಾ," ಎಂದಿದ್ದ ಕರೀಮಸಾಬ. "ನಿನ್ನ ಗಂಡ ಸತ್ತಾನ. ಖರೇನ ಅಳು. ನಗೂದು ಅವರ ಕೆಲಸ."

ಮರುದಿನ ಅವಳು ತೀರಿಹೋದ ತನ್ನ ಅವ್ವನನ್ನು ನೆನೆದು ಅತ್ತಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವಳು ತನ್ನ ದುಃಖಗಳನ್ನೆಲ್ಲ ಒಂದೊಂದಾಗಿ ಆ ಅಳುವಿಗೆ ಹಾಕಿದಳು.

ಅವನದು ಇನ್ನೊಂದು ಪದ್ಧತಿಯಿತ್ತು. ಪ್ರತಿ ಆಟಕ್ಕೂ ಒಂದು ಹೊಸ ಮಾತನ್ನು ಯಾರಿಗೂ ಹೇಳದೆ ಸೇರಿಸುತ್ತಿದ್ದ. ಅಡರಕಟ್ಟಿಯಲ್ಲೊಮ್ಮೆ ಸತ್ತು ಮಲಗಿದವನೇ, "ಏ, ಸೊಳ್ಳಿ ಹೊಡಿ," ಎಂದುಬಿಟ್ಟ.

"ಮೊದಲ ಹೇಳಾಕ ಏನಾಗತೈತಿ ನಿನಗ, ಕರೀಮಣ್ಣ?" ಎಂದು ಪರದೆಯ ಹಿಂದೆ ಫಕ್ಕೀರವ್ವ ಜಗಳ ತೆಗೆದಳು.

"ಹೇಳಿದ್ರ ನಿನ್ನ ಮಾರಿ ಮೊದಲಽ ತಯಾರಾಗಿ ಕುಂತಿರತೈತಿ. ಮಂದಿಗೆ ಗೊತ್ತಾಕೈತಿ."

ಅವನು ಏನೇ ಅಂದರೂ ತಡವರಿಸದೆ ತಿರುಗಿ ಎಸೆಯುವುದನ್ನು ಅವಳು ಕಲಿತಳು.

ನಿನ್ನೆ ಅವನು ಮಲಗಬೇಕಾದ ಮಾತು ಬರುವ ಮೊದಲೇ ಮಲಗಿದ. ಅವಳು ಪಕ್ಕದಲ್ಲಿ ಕೂತಾಗ, "ಫಕ್ಕೀರವ್ವಾ, ನೀರು," ಎಂದ. ನಾಟಕದ ಹೆಸರಲ್ಲ, ಅವಳದೇ ಹೆಸರು. ಇದು ಇವತ್ತಿನ ಹೊಸ ಮಾತು ಎಂದುಕೊಂಡಳು ಅವಳು.

"ಸತ್ತಾವ್ರಿಗೆ ನೀರ ಕೊಡೂ ಪದ್ಧತಿ ನಮ್ಮ ಮನ್ಯಾಗಿಲ್ಲ," ಎಂದಳು ಜನರ ಕಡೆ ತಿರುಗಿ.

ಶಾಲೆಯ ಬಯಲು ನಗೆಯಲ್ಲಿ ಮುಳುಗಿತು. ಸೆರಗಿಗೆ ಬಂದ ಅವನ ಕೈಗೆ ಪಟ್ಟನೆ ಹೊಡೆದಳು. ಇನ್ನೂ ನಕ್ಕರು. ಆಮೇಲೆ ಎದೆ ಬಡಿದುಕೊಂಡು ಅತ್ತಳು. ಅವನು ಸೀನಲಿಲ್ಲ. ಬೇಕೆಂದೇ ತಡ ಮಾಡುತ್ತಿದ್ದಾನೆ ಎಂದುಕೊಂಡು ಮತ್ತೆ ಮೊದಲಿನಿಂದ ಅತ್ತಳು. ಅವನ ಕೈ ಹಿಡಿದಾಗ ಅದು ತಣ್ಣಗಿತ್ತು. ಜನ ಇನ್ನೂ ನಗುತ್ತಲೇ ಇದ್ದರು.

*

ಕಫನದ ಬಿಳಿ ಬಟ್ಟೆ ಹೊದಿಸಿ, ಮುಖ ಮಾತ್ರ ತೆರೆದಿಟ್ಟು ಗಂಡಸರು ಹಿಂದೆ ಸರಿದರು. ಹೆಂಗಸರು ಕೊನೆಯ ಸಲ ಮುಖ ನೋಡಲು ಅಂಗಳಕ್ಕೆ ಬಂದರು. ಎಣ್ಣೆಗೆ ಬಣ್ಣವೆಲ್ಲ ಹೋಗಿತ್ತು. ನಜಮಾ ಫಕ್ಕೀರವ್ವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು, ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಕಡೀಕ ನನ್ನ ಹೆಸರರ ತಗೊಂಡ್ರೇನು, ಅಕ್ಕಾ?"

ಹೌದು ಎಂದುಬಿಡಬಹುದಿತ್ತು. ತಣ್ಣಗೆ ಮಲಗಿದ್ದವನ ಮುಖವನ್ನೊಮ್ಮೆ ನೋಡಿದಳು ಫಕ್ಕೀರವ್ವ.

"ನನ್ನ ಹೆಸರು ತಗೊಂಡ, ತಂಗೀ. ನೀರ ಕೇಳಿದ. ನಾ ಆಟ ಅಂತ ತಿಳಕೊಂಡೆ. ಚ್ಯಾಷ್ಟಿ ಮಾಡಿದೆ. ಕೈ ಚಾಚಿದ್ರ ಹೊಡದೆ."

ನಜಮಾಳ ಕೈ ಮೆಲ್ಲಗೆ ಸರಿಯಿತು. ಬೈದಿದ್ದರೆ ಒಳ್ಳೆಯದಿತ್ತು. ಫಕ್ಕೀರವ್ವನ ಎದೆ ಬಿರಿದು ಅಳು ಬಂತು. ಬಂದದ್ದು ನಾಟಕದ ಅದೇ ಅಳು: ಅದೇ ಏರು, ಅದೇ ನಡುಗುವ ಎಳೆತ, ಕೊನೆಗೆ ಅದೇ ಬಿಕ್ಕು. ಅವಳ ಹತ್ತಿರ ಬೇರೆ ಅಳುವೇ ಉಳಿದಿರಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬಳು ಬಾಯಿಗೆ ಸೆರಗು ತುರುಕಿಕೊಂಡಳು. ಯಾರೋ ಗದರಿದರು. ಫಕ್ಕೀರವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳು ಬೆರಳ ಸಂದಿಯಿಂದ ಏರುತ್ತಲೇ ಹೋಯಿತು, ಬಿಕ್ಕಿಗೆ ಬಂದು ನಿಂತಿತು.

ಹೆಂಗಸರೆಲ್ಲ ಒಟ್ಟಿಗೆ ಕರೀಮಸಾಬನ ಕಡೆ ತಿರುಗಿದರು. ನಜಮಾಳೂ ತಿರುಗಿದಳು. ಕತ್ತು ಮುಂದೆ ಚಾಚಿ ಅವನ ಮುಖವನ್ನೇ ನೋಡಿದಳು.

ಅವನ ಮೂಗಿನ ಹೊಳ್ಳೆಗಳಲ್ಲಿಟ್ಟ ಹತ್ತಿ ಅಲುಗಲಿಲ್ಲ.